ಅಪ್ಪನ ಲಾರಿ ಲೆಕ್ಕದ ಪುಸ್ತಕದಲ್ಲಿ ‘ನಿ’ ಅಂದರೆ ಏನು?

ತಿಪಟೂರಿನ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲಾರಿ ಲೈನಿನಲ್ಲಿ ದುಡಿದವರು, ಇಲ್ಲಾ ಮನೆಯಲ್ಲಿ ಡ್ರೈವರ್ ಇದ್ದವರು ಇಲ್ಲಿ ಯಾರಾದರೂ ಇದ್ದರೆ ನನಗೊಂದು ಸಹಾಯ ಬೇಕು.

ನಮ್ಮಪ್ಪ ಹೋದ ಕಾರ್ತಿಕದಲ್ಲಿ ತೀರಿಕೊಂಡರು. 1974ರಲ್ಲಿ, ಹದಿನೇಳು ವರ್ಷಕ್ಕೆ, ಕ್ಲೀನರ್ ಆಗಿ ಲಾರಿ ಹತ್ತಿದವರು. 1979ರಲ್ಲಿ ಲೈಸೆನ್ಸ್ ಆಯಿತು. 2013ರಲ್ಲಿ ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೇರಿಂಗ್ ಬಿಟ್ಟರು. ಜಾಸ್ತಿ ಓಡಿಸಿದ್ದು ಕೊಬ್ಬರಿ ಲೋಡು. ನಮ್ಮ ತಿಪಟೂರಿನ ಉಂಡೆ ಕೊಬ್ಬರಿ ಉತ್ತರದ ಕಡೆಗೇ ಹೋಗೋದು ನಿಮಗೆಲ್ಲ ಗೊತ್ತು. ಇಂದೋರ್, ಕಾನ್ಪುರ, ದೆಹಲಿ. ದೀಪಾವಳಿ ಹತ್ತಿರ ಬಂತು ಅಂದರೆ ಅಪ್ಪ ಮನೆಯಲ್ಲಿ ಕಾಣುತ್ತಲೇ ಇರಲಿಲ್ಲ.

ವರ್ಷದ ಕಾರ್ಯಕ್ಕೆ ಬರುವ ನೆಂಟರಿಗೆ ಕೊಡೋಣ ಅಂತ ಅಪ್ಪನ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಇಪ್ಪತ್ತು ಪುಟದ್ದು, ಅಷ್ಟೆ. ಬರೆಯಲು ಕೂತಾಗ ಗೊತ್ತಾಯಿತು, ನನಗೆ ಅಪ್ಪನ ಬಗ್ಗೆ ಗೊತ್ತಿರೋದು ಮನೆಯಲ್ಲಿದ್ದ ಅಪ್ಪ ಮಾತ್ರ. ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಗಿತ್ತು, ಯಾವಾಗಲೂ ಕಿಟಕಿಯ ಮೇಲೆ ಇಟ್ಟು ಬಿಸಿಲಿಗೆ ಸುಟ್ಟಿದ್ದು. ಹೊರಡುವ ಮುಂಚೆ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಬಡಿದು, ತಲೆ ವಾರೆ ಮಾಡಿ ಶಬ್ದ ಕೇಳುತ್ತಿದ್ದರು. ಗಾಳಿ ಕಮ್ಮಿ ಇದ್ದರೆ ಶಬ್ದ ಮಂದವಾಗುತ್ತಿತ್ತು. ನಮ್ಮಜ್ಜಿ ಅಟ್ಟದಲ್ಲಿ ಕೂತು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಅಂದರೆ ಕೊಬ್ಬರಿ ಆಗಿದೆ ಅನ್ನುತ್ತಿದ್ದರಲ್ಲ, ಥೇಟ್ ಹಾಗೇ ಮುಖ ಮಾಡಿಕೊಂಡು.

ಇನ್ನು ರಸ್ತೆಯ ಮೇಲಿನ ಅಪ್ಪ ನನಗೆ ಗೊತ್ತೇ ಇಲ್ಲ. ಅದಕ್ಕೆ ಉಳಿದಿರೋದು ಒಂದೇ ದಾರಿ. ಅಪ್ಪನ ಟ್ರಂಕಿನಲ್ಲಿ ಲೆಕ್ಕದ ಪುಸ್ತಕಗಳು ಸಿಕ್ಕಿವೆ. ಒಟ್ಟು ಹದಿನಾಲ್ಕು, ಎರಡಕ್ಕೆ ಗೆದ್ದಲು ಹಿಡಿದಿದೆ. ಜೇಬಿನಲ್ಲಿ ಹಿಡಿಯುವ ಉದ್ದ ಪುಸ್ತಕ, ಮೇಲಿನಿಂದ ತಿರುವುವಂಥದ್ದು. ಪ್ರತಿ ಟ್ರಿಪ್ಪಿಗೂ ಎರಡು ಮೂರು ಪುಟ. ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಅಕ್ಷರ ಗುಂಡಗಿದೆ, ಆದರೆ ಎಲ್ಲ ಒಂದೊಂದೇ ಅಕ್ಷರದಲ್ಲಿ ಬರೆದುಬಿಟ್ಟಿದ್ದಾರೆ. ಒಂದು ಸಾಲು ಹೀಗಿದೆ:

“ಹು. ಡೀ 180. ಊ 14. ದಾ.ಖ 30. ಫೋ 6. ನಿ 2½.”

‘ಹು’ ಹುಬ್ಬಳ್ಳಿ, ‘ಡೀ’ ಡೀಸೆಲ್, ‘ಊ’ ಊಟ ಅಂದುಕೊಂಡಿದ್ದೇನೆ. ‘ದಾ.ಖ’, ‘ಫೋ’, ‘ನಿ’ ಗೊತ್ತಾಗುತ್ತಿಲ್ಲ. ‘ನಿ’ ಅಂತೂ ದಿನಾ ಇದೆ. 1988ರವರೆಗಿನ ಪುಸ್ತಕಗಳಲ್ಲಿ ಎಲ್ಲೂ ಇಲ್ಲ. 1989ರ ಜನವರಿಯಿಂದ ಒಂದು ದಿನವೂ ತಪ್ಪಿಲ್ಲ. ಅಮ್ಮನನ್ನು ಕೇಳಿದರೆ “ನಿಂಬೆಹಣ್ಣು ಇರಬೇಕು ಕಣೇ, ಗಾಡಿಗೆ ಕಟ್ಟೋಕೆ” ಅನ್ನುತ್ತಾಳೆ.

ದಯವಿಟ್ಟು ಗೊತ್ತಿದ್ದವರು ಹೇಳಿ.

ಅರಸೀಕೆರೆಯಿಂದ

ಅಮ್ಮ ಹೇಳಿದ್ದೇ ಸರಿ ಇರಬೇಕು. ನಮ್ಮ ಚಿಕ್ಕಪ್ಪನ ಲಾರಿಗೂ ಅಮಾವಾಸ್ಯೆಗೆ ಮೆಣಸಿನಕಾಯಿ ನಿಂಬೆಹಣ್ಣು ಕಟ್ಟುತ್ತಿದ್ದರು. ದೂರದ ಲೈನಿನವರು ದಿನಾ ಕಟ್ಟುತ್ತಿದ್ದರೋ ಏನೋ.

ನಿಮ್ಮ ಅಪ್ಪನಿಗೆ ನನ್ನ ನಮನ. ನಿಮ್ಮ ಬರಹ ಓದಿ ನಮ್ಮ ಮನೆಯ ಆಯುಧಪೂಜೆ ನೆನಪಾಯಿತು. ವರ್ಷಕ್ಕೆ ಅದೊಂದು ದಿನ ಎಲ್ಲ ಗಾಡಿಗಳೂ ಮನೆ ಮುಂದೆ ಇರುತ್ತಿದ್ದವು. ಬಾಳೆಕಂದು, ಚೆಂಡು ಹೂವು, ಚಕ್ರದ ಕೆಳಗೆ ನಿಂಬೆಹಣ್ಣು, ಒಡೆದ ಬೂದುಗುಂಬಳ.

ದಾವಣಗೆರೆ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು

ಮೇಡಂ, ಡ್ರೈವರ್‌ಗಳು ಕೊಟ್ಟ ಇಂಥ ಲೆಕ್ಕಗಳನ್ನು ಇಪ್ಪತ್ತಾರು ವರ್ಷ ಪಾಸು ಮಾಡಿದ್ದೇನೆ. ‘ದಾ.ಖ’ ಅಂದರೆ ದಾರಿ ಖರ್ಚು. ಚೆಕ್‌ಪೋಸ್ಟಿನಲ್ಲಿ, ನಾಕಾದಲ್ಲಿ, ಕೈಗೆ ಕೊಟ್ಟು ಬರುವ ದುಡ್ಡು. ರಸೀತಿ ಇರೋದಿಲ್ಲ, ಅದಕ್ಕೆ ಈ ಹೆಸರು. ‘ಫೋ’ ಫೋನೇ ಇರಬೇಕು.

‘ನಿ’ ಬಗ್ಗೆ ನನ್ನ ಊಹೆ: ‘ನಿಂತ ಗಂಟೆ’. ಲೋಡ್ ಇಳಿಸೋಕೆ ಪಾರ್ಟಿಯವರು ತಡ ಮಾಡಿದರೆ ಗಾಡಿ ನಿಂತ ಹೊತ್ತಿಗೆ ಮಾಲೀಕರು ಬಾಡಿಗೆ ಕೇಳುತ್ತಿದ್ದರು. ಕೆಲವು ಡ್ರೈವರ್‌ಗಳು ಅದನ್ನು ಬರೆದಿಡುತ್ತಿದ್ದರು.

ಇನ್ನೊಂದು ಮಾತು. ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಬೇಡಿ, ಒಳಗೆ ಬೆವರುತ್ತೆ. ಮೊದಲು ಪುಟ ಪುಟವೂ ಫೋಟೋ ತೆಗೆಯಿರಿ. ಗೆದ್ದಲು ಹಿಡಿದ ಎರಡನ್ನು ಉಳಿದವುಗಳಿಂದ ಬೇರೆ ಇಡಿ.

ತಿಪಟೂರಿನ ಮಗಳು

ಸರ್, ತುಂಬ ಥ್ಯಾಂಕ್ಸ್. ಪ್ಲಾಸ್ಟಿಕ್‌ನಲ್ಲೇ ಇಟ್ಟಿದ್ದೆ, ಈಗಲೇ ತೆಗೆದೆ.

‘ನಿಂತ ಗಂಟೆ’ ಅಂತ ಓದಿ ಮತ್ತೆ ಹುಡುಕಿದೆ. 1992ರ ಡಿಸೆಂಬರ್ 7ರಿಂದ ಆರು ದಿನ, ಬಾಬರಿ ಮಸೀದಿ ಬಿದ್ದ ಮೇಲಿನ ಗಲಾಟೆಯ ದಿನಗಳಲ್ಲಿ, ಅಪ್ಪ ನಾಸಿಕ್ ದಾಟಿ ಒಂದು ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿಕೊಂಡಿದ್ದರು. ಆ ಪುಟದಲ್ಲಿ ಪ್ರತಿ ದಿನ ‘ನಿಂತಿದೆ’ ಅಂತ ಪೂರ್ತಿ ಪದ ಬರೆದಿದ್ದಾರೆ. ಅದರ ಪಕ್ಕದಲ್ಲೇ ಮತ್ತೆ ‘ನಿ’ ಇದೆ. “ನಿಂತಿದೆ. ನಿ 8.” “ನಿಂತಿದೆ. ನಿ 9.” ದಿನಪೂರ್ತಿ ನಿಂತಿದ್ದರೆ 24 ಆಗಬೇಕಿತ್ತು ಅಲ್ವಾ?

‘ಫೋ’ ಏನು ಅಂತ ಅಮ್ಮನಿಗೆ ಹೇಳಿದ ತಕ್ಷಣ ಗೊತ್ತಾಯಿತು. ನಮ್ಮ ಎದುರಿನ ದಿನಸಿ ಅಂಗಡಿಯವರ ಮನೆಯಲ್ಲಿ ಫೋನ್ ಇತ್ತು. ರಾತ್ರಿ ಹೊತ್ತಾದ ಮೇಲೆ ಎಸ್‌ಟಿಡಿ ದರ ಇಳಿಯುತ್ತಿದ್ದರಿಂದ ಅಪ್ಪ ತಡವಾಗಿಯೇ ಮಾಡುತ್ತಿದ್ದರು. ಅಂಗಡಿಯ ಅಜ್ಜ ಬಾಗಿಲಲ್ಲಿ ನಿಂತು “ಲಾರಿಯವರ ಫೋನೂ” ಅಂತ ಕೂಗುತ್ತಿದ್ದರು. ಅಮ್ಮ ಸೆರಗು ಸುತ್ತಿಕೊಂಡು ಓಡುತ್ತಿದ್ದಳು. ಏನು ಮಾತಾಡುತ್ತಿದ್ದಿರಿ ಅಂತ ಕೇಳಿದೆ. “ಊಟ ಆಯ್ತಾ ಅಂತ ಇಬ್ಬರೂ ಕೇಳ್ತಿದ್ವಿ, ಅಷ್ಟರಲ್ಲಿ ಆರು ರೂಪಾಯಿ ಆಗಿಬಿಡ್ತಿತ್ತು” ಅಂದಳು.

ಹಿರಿಯೂರು, ಹಳೇ ಡ್ರೈವರ್

ತಾಯಿ, ನಮಸ್ಕಾರ. ನಾನು 1981ರಿಂದ 2016ರವರೆಗೆ ಲಾರಿ ಓಡಿಸಿದವನು. ದೆಹಲಿ ಲೈನು ನಂದೂ ಹನ್ನೊಂದು ವರ್ಷ. ನನ್ನ ಮೊಮ್ಮಗಳು ಇದನ್ನು ಓದಿ ಹೇಳಿದಳು, ನಾನು ಹೇಳ್ತಾ ಇದ್ದೀನಿ, ಅವಳು ಬರೀತಾ ಇದ್ದಾಳೆ.

ಅದು ನಿಂಬೆಹಣ್ಣಲ್ಲ. ಎರಡೂವರೆ ನಿಂಬೆಹಣ್ಣು ಯಾರು ಕಟ್ಟುತ್ತಾರೆ? ನಿಂತ ಗಂಟೆಯೂ ಅಲ್ಲ, ನೀವೇ ಸರಿಯಾಗಿ ಹೇಳಿದಿರಿ.

ಅದು ನಿದ್ದೆ. ಆ ದಿನ ಎಷ್ಟು ಗಂಟೆ ಮಲಗಿದೆ ಅಂತ ಬರೆದುಕೊಂಡಿದ್ದಾರೆ. ಗಾಡಿ ನಿಂತ ದಿನ ಎಂಟು, ಒಂಬತ್ತು ಗಂಟೆ. ಓಡಿದ ದಿನ ಎರಡೂವರೆ. ಲೆಕ್ಕ ಸರಿಹೋಯಿತಲ್ಲ.

ನಾನು ನೋಡಿದ ಡ್ರೈವರ್‌ಗಳಲ್ಲಿ ನಿದ್ದೆ ಲೆಕ್ಕ ಇಟ್ಟವರು ಒಬ್ಬರೂ ಇಲ್ಲ. ನಾವೆಲ್ಲ ಡೀಸೆಲ್ ಲೆಕ್ಕ, ಹಮಾಲಿ ಲೆಕ್ಕ, ಪಂಚರ್ ಲೆಕ್ಕ ಇಟ್ಟವರೇ. ಮಾಲೀಕರು ಕೇಳೋದು ಅದನ್ನೇ.

ಕೊಬ್ಬರಿ ಲೋಡಿನ ಕಷ್ಟ ನಿಮಗೆ ಗೊತ್ತಿರಲಿ. ಗಾತ್ರ ಜಾಸ್ತಿ, ತೂಕ ಕಮ್ಮಿ, ಹಾಗಾಗಿ ಲೋಡ್ ಎತ್ತರಕ್ಕೆ ಏರುತ್ತೆ. ತಿರುವಿನಲ್ಲಿ ಗಾಡಿ ತೂಗುತ್ತೆ. ಮೇಲೆ ನೀರು ಬಿದ್ದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತೆ, ಪಾರ್ಟಿ ಇಳಿಸಿಕೊಳ್ಳೋದಿಲ್ಲ. ರಾತ್ರಿ ಮಳೆ ಹನಿದರೆ ಎದ್ದು ಟಾರ್ಪಾಲ್ ಹಗ್ಗ ಮತ್ತೆ ಬಿಗಿಯಬೇಕು. ಮಲಗಿದೆ ಅಂದರೂ ಅರ್ಧ ಕಿವಿ ತೆರೆದೇ ಇರುತ್ತೆ.

ಒಂದು ಟ್ರಿಪ್ಪಿನ ಒಟ್ಟು ಕಿಲೋಮೀಟರು, ಒಟ್ಟು ಡೀಸೆಲ್ ಎಷ್ಟಿದೆ ನೋಡಿ ಹೇಳ್ತೀರಾ? ಗಾಡಿ ಯಾವುದು?

ದಾವಣಗೆರೆ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು

ಹಿರಿಯೂರಿನ ಅಣ್ಣ ಹೇಳಿದ್ದೇ ನಿಜ. ನನ್ನ ಊಹೆ ತಪ್ಪು.

ನಮ್ಮ ಆಫೀಸಿನ ಗೋಡೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಸಾರಾಂಶ ಅಂಟಿಸಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆಗೆ ಒಂದು ಸಲ ಅರ್ಧ ಗಂಟೆ ಬಿಡುವು. ಅದರ ಕೆಳಗೇ ಕೂತು ನಾನು ಡ್ರೈವರ್‌ಗೆ “ಬೇಗ ಹೋಗಪ್ಪಾ, ಪಾರ್ಟಿ ಅರ್ಜೆಂಟ್ ಅಂತಿದ್ದಾರೆ” ಅನ್ನುತ್ತಿದ್ದೆ. ಅವರು ಎಷ್ಟು ಮಲಗಿದರು ಅಂತ ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನೂ ಕೇಳಲಿಲ್ಲ. ಈಗ ನೆನೆಸಿಕೊಂಡರೆ ಸಂಕಟವಾಗುತ್ತೆ.

ತಿಪಟೂರಿನ ಮಗಳು

ನಿದ್ದೆ ಅಂತ ಓದಿದ ಮೇಲೆ ಎರಡು ದಿನ ಇಲ್ಲಿಗೆ ಬರೋಕೆ ಆಗಲಿಲ್ಲ. ಕ್ಷಮಿಸಿ.

ಮೊದಲು ಅಣ್ಣಾವ್ರು ಕೇಳಿದ್ದಕ್ಕೆ ಉತ್ತರ. ಆಗಿನ ಗಾಡಿ ಟಾಟಾ 1210. ಅಪ್ಪ ಅದನ್ನು ಕೊನೆಯವರೆಗೂ ‘ಬೆಂಜ್’ ಅಂತಲೇ ಕರೆಯುತ್ತಿದ್ದರು. 1991ರ ಒಂದು ಟ್ರಿಪ್ಪು: ತಿಪಟೂರಿನಿಂದ ದೆಹಲಿಗೆ 2,130 ಕಿಲೋಮೀಟರು, ಡೀಸೆಲ್ 515 ಲೀಟರು.

ಇನ್ನು 1989ರಿಂದಲೇ ‘ನಿ’ ಯಾಕೆ ಶುರುವಾಯಿತು ಅಂತ ಗೊತ್ತಾಯಿತು. ನಮ್ಮ ಸೋದರಮಾವ, ಅಮ್ಮನ ತಮ್ಮ, ಆಗ ಅಪ್ಪನ ಜೊತೆ ಕ್ಲೀನರ್ ಆಗಿದ್ದರು. 1988ರ ಡಿಸೆಂಬರಿನಲ್ಲಿ ಸಾತಾರಾ ದಾಟಿ ಖಂಬಾಟ್ಕಿ ಘಾಟಿನಲ್ಲಿ ಗಾಡಿ ಗುಡ್ಡಕ್ಕೆ ಹೊಡೆಯಿತು. ಮಾವನ ಎಡಗಾಲು ಮುರಿಯಿತು. ಇವತ್ತಿಗೂ ಕುಂಟುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಬ್ರೇಕ್ ಫೇಲ್ ಆಯಿತು ಅಂತ. ಅಪ್ಪನೂ ಹಾಗೇ ಹೇಳಿದ್ದರು, ಮಾವನೂ ಹಾಗೇ ಹೇಳಿದ್ದರು.

ಮೊನ್ನೆ ಪುಸ್ತಕ ತಗೊಂಡು ಹೋಗಿ ಮಾವನ ಮುಂದೆ ಇಟ್ಟೆ. ‘ನಿ’ ತೋರಿಸಿದೆ. ತುಂಬ ಹೊತ್ತು ಪುಟ ತಿರುವುತ್ತಾ ಇದ್ದರು. ಆಮೇಲೆ ಹೇಳಿದರು. ಬ್ರೇಕ್ ಸರಿಯಾಗೇ ಇತ್ತಂತೆ. ಬೆಳಗಿನ ಜಾವ ನಾಲ್ಕೂವರೆ. ಅಪ್ಪ ಎರಡು ರಾತ್ರಿ ಮಲಗಿರಲಿಲ್ಲ. ಮಾವ ಮಾತಾಡಿಸುತ್ತಾ ಕೂರಬೇಕಿತ್ತು, ಅವರಿಗೂ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಬಂಡೆ ಎದುರಿಗಿತ್ತು. ಅಪ್ಪ ಸ್ಟೇರಿಂಗನ್ನು ಗುಡ್ಡದ ಕಡೆಗೆ ಎಳೆದರು. ಇನ್ನೊಂದು ಕಡೆಗೆ ಎಳೆದಿದ್ದರೆ ಕಣಿವೆ.

“ಆಸ್ಪತ್ರೆಯಲ್ಲಿ ನನ್ನ ಕಾಲ ಹತ್ತಿರ ಕೂತು, ಅಕ್ಕನಿಗೆ ಹೇಳಬೇಡ ಕಣೋ ಅಂದರು. ನನ್ನಾಣೆ ಇನ್ನೊಂದು ಸಲ ಹಿಂಗಾಗಲ್ಲ ಅಂದರು” ಅಂತ ಮಾವ ಹೇಳಿದರು. ಅಂದಿನಿಂದ ಇಂದಿನವರೆಗೆ ಮಾವ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಮುಂದಿನ ತಿಂಗಳಿನಿಂದ ‘ನಿ’ ಶುರುವಾಗಿದೆ. ಮೊದಮೊದಲು 1, 1½ ಇದ್ದ ಕಡೆ ಪಕ್ಕದಲ್ಲಿ ಒಂದು ಅಡ್ಡಗೆರೆ ಇದೆ. ಅಡ್ಡಗೆರೆ ಇದ್ದ ಮಾರನೇ ದಿನ ತಪ್ಪದೆ 3, ಇಲ್ಲಾ 4.

ಇದನ್ನು ಅಮ್ಮನಿಗೆ ಹೇಳಲೋ ಬೇಡವೋ ಅಂತ ಒದ್ದಾಡಿದೆ. ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೊತ್ತಿತ್ತು” ಅಂದಳು. ಅಷ್ಟೇ. ಹೇಗೆ ಗೊತ್ತಿತ್ತು ಅಂತ ಕೇಳಿದರೆ ಒಳಗೆ ಎದ್ದು ಹೋದಳು.

ಹಿರಿಯೂರು, ಹಳೇ ಡ್ರೈವರ್

ತಾಯಿ, ಓದಿಸಿ ಕೇಳಿದೆ.

ಖಂಬಾಟ್ಕಿ ನನಗೂ ಗೊತ್ತು. ಈಗ ಅಲ್ಲಿ ಸುರಂಗ ಇದೆ. ಆಗ ಹೋಗೋ ಗಾಡಿ ಬರೋ ಗಾಡಿ ಎಲ್ಲ ಒಂದೇ ರಸ್ತೆ. ಬೆಳಗಿನ ಜಾವ ಮೂರರಿಂದ ಐದು, ಅದೇ ಕೆಟ್ಟ ಹೊತ್ತು. ಕಣ್ಣು ತೆರೆದೇ ಇರುತ್ತೆ, ಒಳಗೆ ಯಾರೂ ಇರೋದಿಲ್ಲ. ನಾನೂ ಹಾಗೆ ಓಡಿಸಿದ್ದೀನಿ. ಹಸಿ ಮೆಣಸಿನಕಾಯಿ ಕಚ್ಚಿದ್ದೀನಿ, ಒದ್ದೆ ಟವಲ್ ಕುತ್ತಿಗೆಗೆ ಸುತ್ತಿಕೊಂಡಿದ್ದೀನಿ. ಸುಳ್ಳು ಹೇಳೋದಿಲ್ಲ, ದೇವರು ಉಳಿಸಿದ. ನಿಮ್ಮಪ್ಪ ದೇವರಿಗೆ ಬಿಡದೆ ಲೆಕ್ಕ ಇಟ್ಟರು.

ಡೀಸೆಲ್ ವಿಷಯ. 2,130ಕ್ಕೆ 515 ಅಂದರೆ ಲೀಟರಿಗೆ ನಾಲ್ಕರ ಮೇಲೆ ಬಿತ್ತು. ತುಂಬಿದ ಗಾಡಿ, ಖಂಬಾಟ್ಕಿ, ಕಾತ್ರಜ್ ಘಾಟು, ಆಚೆ ಸೇಂಧ್ವಾ ಹತ್ತಿರ ಬಿಜಾಸನ್ ಘಾಟು, ಎಲ್ಲ ಏರಿ ಇಳಿದು ನಾಲ್ಕರ ಮೇಲೆ ಬರಬೇಕಾದರೆ ಕಾಲು ತುಂಬ ಹಗುರ ಇರಬೇಕು. ಇನ್ನೊಂದು ಅರ್ಥವೂ ಇದೆ. ಆ ಕಾಲದಲ್ಲಿ ದಾರಿಯಲ್ಲಿ ಡೀಸೆಲ್ ಇಳಿಸಿ ಮಾರೋದು ಸಾಮಾನ್ಯವಾಗಿತ್ತು. ಹತ್ತು ಲೀಟರು, ಇಪ್ಪತ್ತು ಲೀಟರು. ಮಾಲೀಕರಿಗೆ ಮೂರೂವರೆ ಬಂತು ಅಂತ ಲೆಕ್ಕ ಕೊಟ್ಟರೆ ಒಪ್ಪಿಕೊಳ್ಳುತ್ತಿದ್ದರು. ನಿಮ್ಮಪ್ಪ ಒಂದು ಲೀಟರೂ ಇಳಿಸಿಲ್ಲ. ಇದನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ನೆಂಟರಿಗೆ ಅರ್ಥವಾಗದೆ ಇರಬಹುದು, ಕಾರ್ಯಕ್ಕೆ ಬಂದವರಲ್ಲಿ ಒಬ್ಬ ಡ್ರೈವರ್ ಇದ್ದರೆ ಸಾಕು, ಅವನಿಗೆ ಅರ್ಥವಾಗುತ್ತೆ.

ಅಕ್ಕನವರಿಗೆ ಹೇಗೆ ಗೊತ್ತಿತ್ತು ಅಂತ ಕೇಳಬೇಡಿ. ನಮ್ಮ ಮನೆಯವಳಿಗೂ ನಾನು ಹೇಳದೆ ಇದ್ದದ್ದೆಲ್ಲ ಗೊತ್ತಿತ್ತು.

ತಿಪಟೂರಿನ ಮಗಳು

ಅಣ್ಣಾವ್ರೆ, ಬರೆಯುತ್ತೇನೆ. ನೀವು ಹೇಳಿದ ಮಾತಿನಲ್ಲೇ ಬರೆಯುತ್ತೇನೆ.

ನಾನೂ ಒಂದು ವಿಷಯ ಇಲ್ಲಿ ಹೇಳಬೇಕು. ಯಾರಿಗೂ ಹೇಳಿಲ್ಲ.

ಚಿಕ್ಕವಳಿದ್ದಾಗ ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಬಂದವರೇ ಸ್ನಾನ ಮಾಡಿ, ಉಂಡು, ನಡುಮನೆಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದರು. ಮಲಗಿದಾಗಲೂ ಬಲಗಾಲಿನ ಪಾದ ಆಗಾಗ ಒತ್ತುತ್ತಿತ್ತು, ಬ್ರೇಕ್ ಹಿಡಿದ ಹಾಗೆ. ಅಮ್ಮ ನಮ್ಮನ್ನು “ಗಲಾಟೆ ಮಾಡಬೇಡ್ರೇ” ಅಂತ ಹಿತ್ತಲಿಗೆ ಅಟ್ಟುತ್ತಿದ್ದಳು. ರೇಡಿಯೋ ಹಾಕೋ ಹಾಗಿಲ್ಲ. ಪಾತ್ರೆ ಸದ್ದಾಗೋ ಹಾಗಿಲ್ಲ. ಬೇರೆಯವರ ಅಪ್ಪ ಬಂದರೆ ಮನೆಯಲ್ಲಿ ಸದ್ದು, ನಮ್ಮಪ್ಪ ಬಂದರೆ ಮನೆ ಗಪ್‌ಚುಪ್.

1993ರ ಆಗಸ್ಟ್ 15ಕ್ಕೆ ಸ್ಕೂಲಿನಲ್ಲಿ ನನಗೆ ಭಾಷಣ ಕೊಟ್ಟಿದ್ದರು. ಹತ್ತು ವರ್ಷ ನನಗೆ. ಅಪ್ಪ ಹಿಂದಿನ ರಾತ್ರಿ ಬಂದಿದ್ದರು. ಬೆಳಿಗ್ಗೆ ಬಿಳಿ ಲಂಗ ಹಾಕಿಕೊಂಡು ಹೋಗಿ ಅವರ ಹತ್ತಿರ ನಿಂತೆ. ಎಬ್ಬಿಸೋಕೆ ಅಮ್ಮ ಬಿಡಲಿಲ್ಲ. ವಾಪಸ್ ಬಂದಾಗಲೂ ಮಲಗೇ ಇದ್ದರು. ತಂದಿದ್ದ ಲಾಡು ಅವರಿಗೆ ಕೊಡಲಿಲ್ಲ. ಇದನ್ನು ನಾನು ತುಂಬ ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಮದುವೆಯಾದ ಮೇಲೂ ಒಂದು ಸಲ ಜಗಳದಲ್ಲಿ ಅಪ್ಪನಿಗೆ ಎತ್ತಿ ಆಡಿದ್ದೆ. ಅಪ್ಪ ಏನೂ ಹೇಳಲಿಲ್ಲ.

ನಿನ್ನೆ ರಾತ್ರಿ ಆ ಪುಟ ಹುಡುಕಿದೆ. ಆಗಸ್ಟ್ 9ರಿಂದ 14ರವರೆಗೆ: ನಿ 2. ನಿ 1½. ನಿ 3. ನಿ 2. ನಿ 2½. ನಿ 1. ಆರು ದಿನಕ್ಕೆ ಹನ್ನೆರಡು ಗಂಟೆ. ಕೊನೆಯ ದಿನ, ನಿ 1ರ ಮುಂದೆ ಅಡ್ಡಗೆರೆ ಇದೆ. ಅದರ ಮುಂದೆ ಎರಡು ಪದ: “ನಾಳೆ ಭಾಷಣ”.

ಅಷ್ಟು ದೂರದಿಂದ ಅದಕ್ಕೇ ಓಡಿಸಿಕೊಂಡು ಬಂದಿದ್ದರು. ಅಡ್ಡಗೆರೆ ಹಾಕೋ ತಪ್ಪನ್ನು ಅದಕ್ಕೇ ಮಾಡಿದ್ದರು.

ಅರಸೀಕೆರೆಯಿಂದ

ಅಕ್ಕ, ಕಣ್ಣಲ್ಲಿ ನೀರು ಬಂತು. ನಮ್ಮ ಚಿಕ್ಕಪ್ಪ ಇನ್ನೂ ಇದ್ದಾರೆ. ಇವತ್ತು ಸಾಯಂಕಾಲ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ. ಏನೇನು ಕೇಳಬೇಕು ಅಂತ ಹೇಳ್ತೀರಾ?

ತಿಪಟೂರಿನ ಮಗಳು

ಖಂಡಿತ ಹೋಗಿ. “ನಿಮ್ಮ ಜೀವನದ ಬಗ್ಗೆ ಹೇಳಿ” ಅಂದರೆ ಅವರು ಏನೂ ಹೇಳೋದಿಲ್ಲ. ಎಲ್ಲಿ ಸ್ನಾನ ಮಾಡುತ್ತಿದ್ದಿರಿ, ಸ್ಟವ್ ಎಲ್ಲಿಟ್ಟು ಅನ್ನ ಮಾಡುತ್ತಿದ್ದಿರಿ, ಜ್ವರ ಬಂದರೆ ಏನು ಮಾಡುತ್ತಿದ್ದಿರಿ, ಹಿಂದಿ ಯಾರು ಕಲಿಸಿದರು, ಹೀಗೆ ಕೇಳಿ. ವಾಪಸ್ ಲೋಡ್ ಏನು ತರುತ್ತಿದ್ದಿರಿ ಅಂತ ಕೇಳಿ. ನಮ್ಮಪ್ಪ ನಾಸಿಕ್‌ನಿಂದ ಈರುಳ್ಳಿ ತರುತ್ತಿದ್ದರು, ಯಶವಂತಪುರಕ್ಕೆ. ತೆಂಗಿಗೆ ನುಸಿ ರೋಗ ಬಂದು ಕೊಬ್ಬರಿಯೇ ಇಲ್ಲದ ಆ ವರ್ಷಗಳಲ್ಲಿ ಈರುಳ್ಳಿಯೇ ನಮ್ಮ ಮನೆ ನಡೆಸಿದ್ದು. ನನ್ನ ಪಿಯುಸಿ ಫೀಸು ಅದರದ್ದೇ. ಇದೂ ನನಗೆ ಗೊತ್ತಾಗಿದ್ದು ಈ ಪುಸ್ತಕಗಳಿಂದಲೇ.

ಹಿರಿಯೂರಿನ ಅಣ್ಣಾವ್ರೆ, ಕೊನೆಯದಾಗಿ ಒಂದು ಅಕ್ಷರ ಉಳಿದಿದೆ. ‘ಗ’. “ಗ 20”, “ಗ 25”. ಗ್ವಾಲಿಯರ್ ಇರಬೇಕು ಅಂದುಕೊಂಡಿದ್ದೆ, ಆದರೆ ಗ್ವಾಲಿಯರ್‌ಗೆ ‘ಗ್ವಾ’ ಅಂತ ಬೇರೆ ಇದೆ. ಆಗ್ರಾದಿಂದ ಗ್ವಾಲಿಯರ್‌ಗೆ ವಾಪಸ್ ಬರುವ ದಾರಿಯಲ್ಲಿ ಮಾತ್ರ ಬರುತ್ತೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ.

ಹಿರಿಯೂರು, ಹಳೇ ಡ್ರೈವರ್

ಗಜಕ್, ತಾಯಿ. ಆಗ್ರಾಕ್ಕೂ ಗ್ವಾಲಿಯರ್‌ಗೂ ನಡುವೆ ಮೊರೇನಾ ಅಂತ ಊರಿದೆ. ಚಂಬಲ್ ಸೇತುವೆ ದಾಟಿದ ಮೇಲೆ ಸಿಗುತ್ತೆ. ಚಳಿಗಾಲದಲ್ಲಿ ಅಲ್ಲಿ ಎಳ್ಳು ಬೆಲ್ಲ ಹಾಕಿ, ಮರದ ಸುತ್ತಿಗೆಯಲ್ಲಿ ಬಡಿದು ಬಡಿದು, ಪದರ ಪದರವಾಗಿ ಮಾಡ್ತಾರೆ. ಬಾಯಿಗಿಟ್ಟರೆ ಕರಗಿಹೋಗುತ್ತೆ. ಆ ಲೈನಿನಲ್ಲಿ ಹೋದ ಮಕ್ಕಳೊಂದಿಗರು ಯಾರೂ ಅದನ್ನು ತರದೆ ಇರೋದಿಲ್ಲ. ನಿಮಗೆ ನೆನಪಿಲ್ವಾ?

ತಿಪಟೂರಿನ ಮಗಳು

ನೆನಪಿದೆ. ನಾವು ಅದಕ್ಕೆ ‘ಅಪ್ಪನ ಚಿಕ್ಕಿ’ ಅಂತಿದ್ದೆವು. ಹಿಂದಿ ಪೇಪರಿನಲ್ಲಿ ಸುತ್ತಿ, ಸುತ್ತ ಕೊಬ್ಬರಿ ಚೀಲದ ದಾರ ಕಟ್ಟಿರುತ್ತಿತ್ತು. ಸಂಕ್ರಾಂತಿಗೆ ಅಮ್ಮ ಎಳ್ಳುಬೆಲ್ಲದ ಜೊತೆ ಅದನ್ನೂ ಚೂರು ಚೂರು ಮಾಡಿ ತಟ್ಟೆಗೆ ಹಾಕಿ ಕಳಿಸುತ್ತಿದ್ದಳು. ನಾನೂ ತಂಗಿಯೂ ಬೀದಿಯಲ್ಲೆಲ್ಲ ಬೀರಿಕೊಂಡು ಬರುತ್ತಿದ್ದೆವು. ಎದುರಿನ ಅಂಗಡಿಯ ಅಜ್ಜನಿಗೆ, ಫೋನಿಗೆ ಕರೆಯುತ್ತಿದ್ದರಲ್ಲ, ಅವರಿಗೆ ಒಂದು ದೊಡ್ಡ ತುಂಡು ಬೇರೆ ಇಟ್ಟಿರುತ್ತಿದ್ದಳು.